ನಾಯಕನ ಹೆಗಲ ಹಿಂದಿನ ತಲೆ

ನೂರು ಪಿಕ್ಸೆಲ್ ಅಗಲ, ನೂರು ಪಿಕ್ಸೆಲ್ ಎತ್ತರ. ಅದಕ್ಕಿಂತ ದೊಡ್ಡದಾದರೆ ವೇದಿಕೆ ಆ ಚಿತ್ರವನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಆಗಿನ ದಪ್ಪ ಗಾಜಿನ ಮಾನಿಟರಿನ ಮೇಲೆ ಅದು ಬೆಂಕಿಪೊಟ್ಟಣಕ್ಕಿಂತ ತುಸು ಸಣ್ಣದಾಗಿ ಕಾಣುತ್ತಿತ್ತು. ವೇದಿಕೆಯೆಂದರೆ ಒಬ್ಬ ಹಳೆಯ ಸಿನಿಮಾ ನಟನ ಅಭಿಮಾನಿಗಳು ಅಂತರ್ಜಾಲದಲ್ಲಿ ಕೂಡುತ್ತಿದ್ದ ಜಾಗ. ಬರೆಯುವ ಪ್ರತಿಯೊಬ್ಬನ ಹೆಸರಿನ ಪಕ್ಕದಲ್ಲೂ ಇಂಥದೊಂದು ಚೌಕ ಇರುತ್ತಿತ್ತು. ಹೆಸರುಗಳು ಇಟ್ಟುಕೊಂಡ ಹೆಸರುಗಳಾದ್ದರಿಂದ ಜನ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಿದ್ದುದು ಚೌಕದಿಂದಲೇ. ಕುದುರೆ ಮೇಲಿನ ನಾಯಕ, ಅಳುವ ನಾಯಕ, ಬೀಡಿ ಹಚ್ಚುವ ನಾಯಕ. ಆ ಚೌಕಗಳನ್ನು ಮಾಡಿಕೊಡುವ ಕೆಲಸವನ್ನು ನಾನು ಒಂದೂವರೆ ವರ್ಷ ಮಾಡಿದೆ. ಎರಡು ವರ್ಷವೂ ಇರಬಹುದು.

ನಾನು ಆ ನಟನ ಅಭಿಮಾನಿಯಾಗಿರಲಿಲ್ಲ. ಯಾರ ಅಭಿಮಾನಿಯೂ ಆಗಿರಲಿಲ್ಲ. ಹೈದರಾಬಾದಿನ ಲಿಂಗಂಪಲ್ಲಿಯಿಂದ ಮುಂದಿದ್ದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದೆ. ಇನ್ನೊಬ್ಬನ ಮಾತನ್ನು ಪ್ರಮಾಣವೆಂದು ಒಪ್ಪಬಹುದೇ ಎಂಬುದು ನನ್ನ ವಿಷಯ; ಒಪ್ಪಬಾರದು ಎಂದು ತೋರಿಸುವುದು ನನ್ನ ಉದ್ದೇಶ. ಪ್ರಬಂಧ ಮುಗಿಯಲಿಲ್ಲ. ಆ ವರ್ಷಗಳಲ್ಲಿ ಊರಿಗೆ ಊರೇ ಏನಾದರೊಂದು ಕೋರ್ಸು ಕಲಿಯುತ್ತಿತ್ತು. ಮನೆ ಹತ್ತಿರವಿದ್ದರೂ ನಾನು ಹಾಸ್ಟೆಲಿನಲ್ಲಿದ್ದೆ; ಅಲ್ಲಿ ನನ್ನ ಕೋಣೆಯಲ್ಲಿದ್ದವನು ಅನಿಮೇಷನ್ ಕಲಿಯಲು ಅಮೀರ್‌ಪೇಟೆಗೆ ಹೋಗುತ್ತಿದ್ದ, ಮೂರು ತಿಂಗಳಿಗೆ ಬಿಟ್ಟ. ಅವನು ಬಿಟ್ಟುಹೋದ ಸಿ.ಡಿ.ಯಿಂದ ನಾನು ಫೋಟೊ ತಿದ್ದುವುದನ್ನು ಕಲಿತೆ. ಕೂತಲ್ಲಿ ಕೂರಲಾಗದ ಸ್ವಭಾವ ನನ್ನದು. ಓದಬೇಕಾದ ಪುಸ್ತಕವೊಂದನ್ನು ಬಿಟ್ಟು ಉಳಿದದ್ದೆಲ್ಲ ಆಕರ್ಷಕವಾಗಿ ಕಾಣುತ್ತಿತ್ತು.

ಅಭಿಮಾನಿಯಾಗಿದ್ದವಳು ಮಲ್ಕಾಜ್‌ಗಿರಿಯ ಸೋದರಮಾವನ ಮಗಳು. ಬೇರೆ ದೇಶದ ವೈದ್ಯರು ಟೇಪಿನಲ್ಲಿ ಹೇಳಿದ್ದನ್ನು ಕೇಳಿ ಟೈಪು ಮಾಡುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸವಿತ್ತು. ಆರು ದಿನ ಯಾರದೋ ಮೂತ್ರಪಿಂಡದ ವಿವರ ಟೈಪು ಮಾಡಿ ಏಳನೆಯ ದಿನ ಆ ವೇದಿಕೆಯಲ್ಲಿ ಇರುತ್ತಿದ್ದಳು. ಅವಳ ಮನೆಯಲ್ಲಿ ಕಂಪ್ಯೂಟರ್ ಇತ್ತು, ನನ್ನ ಬಳಿ ಸಾಫ್ಟ್‌ವೇರ್ ಇತ್ತು. ಭಾನುವಾರ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಸಿಕಂದರಾಬಾದಿಗೆ, ಅಲ್ಲಿಂದ ಶೇರ್ ಆಟೋದಲ್ಲಿ ಮಲ್ಕಾಜ್‌ಗಿರಿಗೆ ಹೋಗುತ್ತಿದ್ದೆ. ರೈಲ್ವೆ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ, ಅತ್ತೆ ಕ್ರೋಷಾ ಹಾಕಿದ ಬಟ್ಟೆಯನ್ನು ಮಾನಿಟರಿನ ಮೇಲಿಂದ ತೆಗೆದು ಮಡಿಸಿಟ್ಟು ಕೆಲಸಕ್ಕೆ ಕೂರುತ್ತಿದ್ದೆವು.

ಆ ಕೆಲಸಕ್ಕೂ ಒಂದು ಮರ್ಯಾದೆ ಇತ್ತು. ಸಿನಿಮಾದ ವಿ.ಸಿ.ಡಿ. ಓಡಿಸಿ, ಬೇಕಾದಲ್ಲಿ ನಿಲ್ಲಿಸಿ, ಚಿತ್ರವನ್ನು ನೀವೇ ಹಿಡಿಯಬೇಕು. ಇನ್ನೊಬ್ಬರ ಚೌಕವನ್ನು ಎತ್ತಿ ಬಣ್ಣ ಬದಲಿಸಿ ನಿಮ್ಮದೆನ್ನಬಾರದು. ಮಾಡಿದವರು ಹತ್ತು ಹನ್ನೆರಡನ್ನು ಒಟ್ಟಿಗೆ ಹಾಕುತ್ತಾರೆ. ಬೇಕಾದವರು ತೆಗೆದುಕೊಳ್ಳಬಹುದು, ಆದರೆ ತೆಗೆದುಕೊಂಡವರು ಹೇಳಬೇಕು. 'ಮೂರನೆಯದು ನಾನು ತೊಗೊಂಡೆ' ಎಂದು ಕೆಳಗೆ ಬರೆಯಬೇಕು, ತಮ್ಮ ಪುಟದಲ್ಲಿ ಮಾಡಿದವರ ಹೆಸರು ಹಾಕಬೇಕು. ಹೇಳದೆ ತೆಗೆದುಕೊಂಡವನನ್ನು ವೇದಿಕೆಯ ಜನ ಊರ ಪಂಚಾಯ್ತಿಯಂತೆ ವಿಚಾರಿಸುತ್ತಿದ್ದರು. ಚೌಕದ ಮೇಲೆ ಕನ್ನಡ ಬರೆಯಲು ಆಗುತ್ತಿರಲಿಲ್ಲ. ಆ ಸಾಫ್ಟ್‌ವೇರಿನಲ್ಲಿ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. ಆದ್ದರಿಂದ ನಮ್ಮ ಚೌಕಗಳಲ್ಲಿ ಮಾತಿರಲಿಲ್ಲ, ಮುಖ ಮಾತ್ರ. ನಾನು ಪುಸ್ತಕ ಹಿಡಿದುಕೊಂಡು ಬಂದ ದಿನ ಮಾವನ ಮಗಳು, "ಪಂಡಿತ್ರ, ಹೀರೋನ ಮೂಗು ಒಂದೀಟು ಬೆಳ್ಳಗ ಮಾಡ್ರಿ, ಜ್ಞಾನ ಆಮ್ಯಾಲ ಗಳಿಸೀರಂತ" ಎನ್ನುತ್ತಿದ್ದಳು.

ಅವಳು ಆ ನಟನ ಅಭಿಮಾನಿಯಾಗಿದ್ದು ಅಪ್ಪನಿಂದ. ಮಾವನಿಗೆ ಹೇಳಿಕೊಳ್ಳಲು ಒಂದು ಕತೆ ಇತ್ತು. ರೈಲ್ವೆ ನೌಕರಿಗೆ ಸೇರಿದ ಹೊಸತರಲ್ಲಿ ಅವನು ನಾಂಪಲ್ಲಿ ಸ್ಟೇಷನ್ನಿನ ಪಾರ್ಸೆಲ್ ಕಚೇರಿಯಲ್ಲಿ ಗುಮಾಸ್ತ. ಒಂದು ಬೆಳಿಗ್ಗೆ ಕನ್ನಡ ಸಿನಿಮಾದವರು ಬಂದರು. ನಾಯಕ ಊರು ಬಿಟ್ಟು ಗುರುತಿಲ್ಲದ ಶಹರಕ್ಕೆ ಬಂದಿಳಿಯುವ ದೃಶ್ಯ. ಪ್ಲಾಟ್‌ಫಾರ್ಮಿನಲ್ಲಿ ಜನ ಓಡಾಡಬೇಕಿತ್ತು, ಜನ ಸಾಲಲಿಲ್ಲ. ಸ್ಟೇಷನ್ನಿನ ನೌಕರರನ್ನೇ ನಿಲ್ಲಿಸಿದರು. ಮಾವ ನಾಯಕನ ಹಿಂದೆ ನಿಂತ. ಮೂರು ಸಲ ರೈಲಿನ ಡಬ್ಬಿಯಿಂದ ಇಳಿದ ನಾಯಕ ಮೂರನೆಯ ಸಲ ಹೊರಳಿ ಮಾವನಿಗೆ, ನೀರು ಎಲ್ಲಿ ಸಿಗುತ್ತದೆ ಎಂದು ಕನ್ನಡದಲ್ಲಿ ಕೇಳಿದನಂತೆ. ಕತೆ ಇಷ್ಟೇ. ಸಿನಿಮಾ ಹೈದರಾಬಾದಿನಲ್ಲಿ ಒಂದೇ ವಾರ ಓಡಿತು, ಅದೂ ಬೆಳಗಿನ ಆಟ. ಮಾವನಿಗೆ ಡ್ಯೂಟಿ ಇತ್ತು. ಆಮೇಲೆ ಅದು ಎಲ್ಲೂ ಬರಲಿಲ್ಲ. ಹೀಗಾಗಿ ತಾನಿದ್ದೇನೆ ಎಂದು ಮೂವತ್ತು ವರ್ಷದಿಂದ ಹೇಳುತ್ತಿದ್ದ ಸಿನಿಮಾವನ್ನು ಅವನು ನೋಡಿಯೇ ಇರಲಿಲ್ಲ.

ಇದನ್ನು ನಂಬದವರಲ್ಲಿ ಮೊದಲಿಗ ನಮ್ಮ ಅಪ್ಪ. ಅಪ್ಪ ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತನಾದವನು. ಗೇಜು ಹಚ್ಚಿ ನೋಡಿ ಕೂದಲೆಳೆಯ ಅಳತೆ ತಪ್ಪಿದ ಬೋಲ್ಟನ್ನು ಪಕ್ಕಕ್ಕೆ ಎತ್ತಿಡುವುದು ಅವನ ಜೀವಮಾನದ ಕೆಲಸವಾಗಿತ್ತು, ಮನೆಯಲ್ಲೂ ಅದನ್ನೇ ಮುಂದುವರಿಸಿದ್ದ. ಹೆಂಡತಿಯ ತಮ್ಮ ಬಂದ ತಕ್ಷಣ ಶುರು ಮಾಡುತ್ತಿದ್ದ.

"ಏನ್ರಿ ಹೀರೋ, ಈ ಸಲಾನೂ ಹಿಂದ ನಿಂತೀರೋ, ಒಂದು ಹೆಜ್ಜಿ ಮುಂದ ಬಂದೀರೋ?"

"ನಿಂತಿದ್ದೆ ಅಂದ್ರ ನಿಂತಿದ್ದೆ, ಭಾವಾ. ನೀವು ನಂಬಿದ್ರ ಪ್ಲಾಟ್‌ಫಾರ್ಮೇನು ಉದ್ದ ಆಗೂದಿಲ್ಲ."

"ಗೇಜಿಗೆ ಹತ್ತಲಾರದ ಮಾಲು ನಾ ಪಾಸ್ ಮಾಡಂಗಿಲ್ರಿ."

ಎಲ್ಲರೂ ನಗುತ್ತಿದ್ದರು, ಮಾವನೂ ನಗುತ್ತಿದ್ದ. ನಾನು ಚಿಕ್ಕಂದಿನಿಂದ ಈ ನಗುವಿನ ಕಡೆ ಇದ್ದವನು. ಮಾವನ ನಗು ಉಳಿದವರಿಗಿಂತ ಮೊದಲು ನಿಲ್ಲುತ್ತಿತ್ತು ಎಂದು ಈಗ ಅನಿಸುತ್ತದೆ. ಆಗ ಅದನ್ನು ಗಮನಿಸಿದ್ದೆನೋ, ನಡೆದದ್ದೆಲ್ಲ ತಿಳಿದ ಮೇಲೆ ಸೇರಿಸಿಕೊಂಡೆನೋ ಹೇಳಲಾರೆ.

ಮಾವ ನಿವೃತ್ತನಾಗುವ ವರ್ಷದ ಜನವರಿಯಲ್ಲಿ ಮಾವನ ಮಗಳಿಗೆ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ, ಹಳೆಯ ಸಿನಿಮಾಗಳ ಸಿ.ಡಿ. ಮಾರುವ ಮಳಿಗೆಯಲ್ಲಿ, ಆ ಸಿನಿಮಾ ಸಿಕ್ಕಿತು. ಎರಡು ಡಿಸ್ಕು. ರಟ್ಟಿನ ಮೇಲಿನ ಚಿತ್ರ ಬೇರೆ ಯಾವುದೋ ಸಿನಿಮಾದ್ದು. ಭಾನುವಾರ ನಾನೂ ಇದ್ದಾಗ ಹಾಕಿದಳು. ಸ್ಟೇಷನ್ನಿನ ದೃಶ್ಯ ಮೊದಲ ಡಿಸ್ಕಿನ ಕೊನೆಯಲ್ಲಿ ಇತ್ತು. ನಾಯಕ ಇಳಿಯುತ್ತಾನೆ, ಟ್ರಂಕು ಕೆಳಗಿಡುತ್ತಾನೆ, ಸುತ್ತ ನೋಡುತ್ತಾನೆ. ಅಷ್ಟೇ, ಆರೇಳು ಸೆಕೆಂಡು. ಹಿಂದೆ ಎಡಕ್ಕೆ ಪಾರ್ಸೆಲ್ ಹೇರಿದ ಕೈಗಾಡಿ, ಬಲಕ್ಕೆ ಹೆಗಲ ಹಿಂದೆ ಒಂದು ತಲೆ, ಅದರಾಚೆ ಇಬ್ಬರು ಹೆಂಗಸರು. ಮಗಳು ಮೂರು ಸಲ ಹಿಂದಕ್ಕೆ ಓಡಿಸಿದಳು. ಮಾವ ಕುರ್ಚಿಯಿಂದ ಮುಂದೆ ಬಾಗಿ ನೋಡಿದ. ಹೆಗಲ ಹಿಂದಿನ ತಲೆಯನ್ನು ತೋರಿಸಿ ಇದೇ ಅಲ್ಲವೇ ಎಂದು ಮಗಳು ಕೇಳಿದ್ದಕ್ಕೆ, ಏನೂ ಸರಿಯಾಗಿ ಕಾಣುವುದಿಲ್ಲ, ಬಹಳ ಮಸುಕು ಎಂದು ಎದ್ದು ಹೋದ. ಅವನ ಕಣ್ಣಿಗೆ ಪೊರೆ ಬರುತ್ತಿದೆ ಎಂದು ಅತ್ತೆ ಹೇಳಿದಳು. ನಾವೂ ಹಾಗೇ ತಿಳಿದೆವು.

ಆಗ ಮಗಳಿಗೆ ಆ ಯೋಚನೆ ಬಂತು. ಅಪ್ಪನ ನಿವೃತ್ತಿಯ ಊಟಕ್ಕೆ ಬಂಧುಗಳೆಲ್ಲ ಬರುತ್ತಾರೆ. ಅಷ್ಟರೊಳಗೆ ಆ ಫ್ರೇಮನ್ನು ಹಿಡಿದು, ತಿಳಿ ಮಾಡಿ, ದೊಡ್ಡದಾಗಿ ಪ್ರಿಂಟು ತೆಗೆಸಿ ಎಲ್ಲರ ಮುಂದೆ ಇಡಬೇಕು. ಅದರಿಂದಲೇ ಒಂದು ಚೌಕ ಮಾಡಿ ವೇದಿಕೆಯಲ್ಲೂ ಹಾಕಬೇಕು. "ನಿಮ್ಮಪ್ಪ ಭೂತಗನ್ನಡಿ ತೊಗೊಂಡು ನೋಡಲಿ" ಅಂದಳು ನನಗೆ.

ಸೆಕೆಂಡಿಗೆ ಇಪ್ಪತ್ತೈದು ಫ್ರೇಮು. ಒಂದೊಂದಾಗಿ ಸರಿಸುತ್ತ, ತಲೆ ಅತಿ ಕಡಿಮೆ ಅಲುಗಿದ ಫ್ರೇಮೊಂದನ್ನು ಹಿಡಿದೆ. ಹಿಡಿದದ್ದನ್ನು ಹಿಗ್ಗಿಸಿ ನೋಡಿದರೆ ಅಲ್ಲಿ ಮುಖವೇ ಇರಲಿಲ್ಲ. ಇಪ್ಪತ್ತು ಪಿಕ್ಸೆಲ್ ಅಗಲದ ಕಂದು ಬಣ್ಣ, ಮೇಲೊಂದು ಕಪ್ಪು, ಕಣ್ಣಿರಬೇಕಾದಲ್ಲಿ ತುಸು ಗಾಢ ಕಂದು. ವಿ.ಸಿ.ಡಿ.ಯ ಚಿತ್ರ ಚೂರು ಹಿಗ್ಗಿಸಿದರೂ ಹಾಸುಗಲ್ಲು ಜೋಡಿಸಿದ ನೆಲದಂತಾಗುತ್ತದೆ. ಬೆಳಕು ಹೆಚ್ಚಿಸಿದೆ, ಕಲ್ಲುಗಳು ಬೆಳ್ಳಗಾದವು. ಅಂಚು ಹರಿತ ಮಾಡಿದೆ, ಕಲ್ಲುಗಳಿಗೆ ಅಂಚು ಬಂತು.

ಆ ಕೋಣೆಯ ಗೋಡೆಯಲ್ಲಿ ಮಾವ ಅತ್ತೆಯ ಮದುವೆಯ ಫೋಟೊ ಇತ್ತು. ಎಣ್ಣೆ ಹಚ್ಚಿ ಎಡಕ್ಕೆ ಬೈತಲೆ ತೆಗೆದ ಮಾವ, ಉಬ್ಬಿದ ಹಣೆ, ಚೂಪು ಗದ್ದ. ಸಾಫ್ಟ್‌ವೇರಿನಲ್ಲಿ ಪದರ ಎಂದು ಒಂದು ಏರ್ಪಾಡಿದೆ: ಮೂಲ ಚಿತ್ರದ ಮೇಲೆ ಗಾಜು ಇಟ್ಟಂತೆ ಇನ್ನೊಂದು ಹಾಳೆ ಹಾಸಿ ಅದರ ಮೇಲೆ ಬರೆಯಬಹುದು, ಕೆಳಗಿನದು ಕೆಡುವುದಿಲ್ಲ. ನಾನು ಹೊಸ ಪದರ ಹಾಸಿದೆ. ಗೋಡೆ ನೋಡುತ್ತ ಎಡಕ್ಕೆ ಒಂದು ಬೈತಲೆ ಎಳೆದೆ. ಆಮೇಲೆ ಹಣೆಯ ಮೇಲೆ ಬೆಳಕು, ಗದ್ದದ ಕೆಳಗೆ ನೆರಳು. ಒಂದು ಗಂಟೆಯಲ್ಲಿ ಆ ಕಂದು ಕಲೆ ಮಾವನಾಗಿತ್ತು. ಎಷ್ಟು ಮಾವನಾಗಿತ್ತೆಂದರೆ, ಅದು ಮೊದಲಿನಿಂದಲೂ ಅಲ್ಲಿತ್ತು, ನಾನು ಮೇಲಿನ ಧೂಳು ಒರೆಸಿದೆ ಅಷ್ಟೇ ಎಂದು ನನಗೇ ಅನಿಸಿತು. ಇಂಥದನ್ನು ಇನ್ನೊಬ್ಬರು ಮಾಡಿದ್ದರೆ ಪ್ರಬಂಧದಲ್ಲಿ ಎರಡು ಪುಟ ಬೈಯುತ್ತಿದ್ದೆ.

ಮಾವನ ಮಗಳು ಅಡಿಗೆಮನೆಯಿಂದ ಬಂದು ನೋಡಿ ಅವ್ವನನ್ನು ಕೂಗಿದಳು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು, ಹೌದು ಇವರೇ, ಆಗ ಹೀಗೇ ಇದ್ದರು ಅಂದಳು. ನಾನು ಏನು ಮಾಡಿದೆನೆಂದು ಹೇಳಲಿಲ್ಲ. ತಿಳಿ ಮಾಡಿದೆ ಎಂದೆ.

ಇಲ್ಲಿ ಒಂದು ತಕರಾರಿದೆ. ಕೆಲವು ವರ್ಷಗಳ ಹಿಂದೆ ಫೋನಿನಲ್ಲಿ ಈ ಮಾತು ಬಂದಾಗ ಅವಳು, ಬೈತಲೆ ಎಳೆದವಳು ತಾನು ಎಂದಳು. ನಾನು ಪಕ್ಕದಲ್ಲಿ ಚುರುಮುರಿ ತಿನ್ನುತ್ತ ಕೂತಿದ್ದೆನಂತೆ. ಬಟ್ಟಲಿನ ಬಣ್ಣವನ್ನೂ ಹೇಳಿದಳು. ಅವಳು ಅಡಿಗೆಮನೆಯಲ್ಲಿದ್ದಳು ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ತಿನ್ನುತ್ತಿದ್ದೆ ಎಂಬುದು ಅವಳಿಗೆ ಅಷ್ಟೇ ಸ್ಪಷ್ಟ. ಹಳೆಯ ಕಂಪ್ಯೂಟರು ಹೋಗಿದೆ, ಪದರಗಳಿದ್ದ ಕಡತ ಅದರೊಂದಿಗೇ ಹೋಗಿದೆ. ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲು ಇಬ್ಬರು ಜಗಳವಾಡುವುದು ಅಪರೂಪ ಎಂದು ನಕ್ಕು ಬಿಟ್ಟೆವು. ಇಲ್ಲಿ ನಾನೇ ಎಂದು ಬರೆದಿದ್ದೇನೆ, ಬರೆಯುತ್ತಿರುವವನು ನಾನಾದ್ದರಿಂದ.

ನಿವೃತ್ತಿಯ ಊಟಕ್ಕೆ ಮೊದಲೇ ಮಾವನ ಮಗಳು ಚೌಕವನ್ನು ವೇದಿಕೆಗೆ ಹಾಕಿದಳು. ನಾಯಕನ ಹೆಗಲು, ಅವನ ಕಿವಿ, ಅರ್ಧ ಮುಖ, ಹಿಂದೆ ಮಾವ. ಕೆಳಗೆ, ಹಿಂದೆ ನಿಂತವರು ನಮ್ಮ ತಂದೆ, ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಳು. ನಾವು ಮಾಡಿದ ಯಾವ ಚೌಕವನ್ನೂ ಜನ ಅಷ್ಟು ತೆಗೆದುಕೊಂಡಿರಲಿಲ್ಲ. ತೊಗೊಂಡೆ, ತೊಗೊಂಡೆ ಎಂದು ಸಾಲಾಗಿ ಬರೆದರು. ನಾಯಕನಿಗಾಗಿ ಅಲ್ಲ, ಹಿಂದೆ ನಿಂತವನಿಗಾಗಿ. ಎಲ್ಲರೂ ನಾಯಕನ ಹಿಂದೆ ನಿಲ್ಲಬೇಕೆಂದು ಬಯಸಿದವರೇ ತಾನೇ. ಕೆಲವರು ಆತನಿಗೆ ನಮಸ್ಕಾರ ತಿಳಿಸಿ ಎಂದರು, ಅವಳು ಒಂದೊಂದನ್ನೂ ಮಾವನಿಗೆ ಓದಿ ಹೇಳಿದಳು. ತೆಗೆದುಕೊಂಡವರು ಹೇಳಲೇಬೇಕು ಎಂಬ ಪದ್ಧತಿಯನ್ನೂ ವಿವರಿಸಿದಳಂತೆ. ಅವನು ತಲೆಯಾಡಿಸಿ ಕೇಳಿದನಂತೆ. ಚಿತ್ರ ತೋರಿಸು ಎಂದು ಕೇಳಲಿಲ್ಲವಂತೆ. ಊಟದ ದಿನ ಎಲ್ಲರ ಜತೆ ನೋಡಲಿ ಎಂದು ಅವಳೂ ತೋರಿಸಲಿಲ್ಲ.

ಊಟ ಒಂದು ಭಾನುವಾರ ಮಧ್ಯಾಹ್ನ, ಕ್ವಾರ್ಟರ್ಸಿನ ಹಿಂದಿನ ಅಂಗಳದಲ್ಲಿ, ಶಾಮಿಯಾನ ಹಾಕಿಸಿ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಪಾರ್ಸೆಲ್ ಕಚೇರಿಯವರ ಪಾಲಿನಿಂದ ಒಂದು ದೊಡ್ಡ ಡಬ್ಬಿ ಖುಬಾನಿ ಕಾ ಮೀಠಾ, ಜರ್ದಾಳಿನ ಸಿಹಿ. ಸಹೋದ್ಯೋಗಿಗಳು ತೆಲುಗಿನಲ್ಲೂ ಉರ್ದುವಿನಲ್ಲೂ ನಾಲ್ಕು ಮಾತಾಡಿ ಶಾಲು ಹೊದಿಸಿದರು. ಆಮೇಲೆ ಮಾವನ ಮಗಳು ಚೌಕಟ್ಟು ಹಾಕಿಸಿದ ಪ್ರಿಂಟನ್ನು ತಂದು ನಮ್ಮ ಅಪ್ಪನ ಕೈಗೆ ಕೊಟ್ಟಳು. ಕೊಡುವಾಗ ಬೇರೆ ಯಾರಿಗೂ ಕೊಡದೆ ಅಪ್ಪನಿಗೇ ಕೊಟ್ಟದ್ದು ಎಲ್ಲರಿಗೂ ಅರ್ಥವಾಯಿತು. ಜನ ಸುತ್ತ ಕೂಡಿದರು.

ಅಪ್ಪ ಕನ್ನಡಕ ಬದಲಿಸಿದ. ಚಿತ್ರವನ್ನು ಬೆಳಕಿಗೆ ಹಿಡಿದ, ದೂರ ಹಿಡಿದ, ಹತ್ತಿರ ತಂದ. ಒಳಗೆ ಹೋಗಿ ಗೋಡೆಯ ಮದುವೆ ಫೋಟೊದ ಪಕ್ಕ ಇಟ್ಟು ನೋಡಿಕೊಂಡು ಬಂದ. ಈ ಕೆಲಸಕ್ಕೆ ಅವನು ತೆಗೆದುಕೊಂಡ ಹೊತ್ತನ್ನು ನಾನು ಬೆವರುತ್ತ ಕಳೆದೆ. ಮನುಷ್ಯ ಜೀವಮಾನವಿಡೀ ದೋಷ ಹುಡುಕಿದವನು. ಕೊನೆಗೆ ಜೇಬಿನಿಂದ ಪೆನ್ನು ತೆಗೆದು, ಚೌಕಟ್ಟಿನ ಹಿಂದಿನ ರಟ್ಟಿನ ಮೇಲೆ, ಕಾರ್ಖಾನೆಯಲ್ಲಿ ಸರಿಯಾದ ಮಾಲಿನ ಚೀಟಿಗೆ ಹಾಕುತ್ತಿದ್ದ ಹಾಗೆಯೇ ಸಹಿ ಹಾಕಿದ.

"ಪಾಸ್" ಅಂದ. "ಹೀರೋ, ಮೂವತ್ತು ವರ್ಷ ಅಂದದ್ದಕ್ಕ ತಪ್ಪಾತು. ಇನ್ನ ಹೇಳ್ರಿ ನಿಮ್ಮ ಕತಿ, ಕೇಳತೀನಿ."

ಅಂಗಳದಲ್ಲಿ ಚಪ್ಪಾಳೆ. ಮಾವ ಚಿತ್ರವನ್ನು ತೆಗೆದುಕೊಂಡು ನೋಡಿದ. ಬಹಳ ಹೊತ್ತು ನೋಡಿದನೆಂದು ನನಗೆ ನೆನಪು. ಆಮೇಲೆ ಮಗಳ ಮುಖ ನೋಡಿದ. ಇನ್ನೇನು ಹೇಳುವುದಿದೆ, ಎಲ್ಲ ನೀವೇ ನೋಡಿದಿರಲ್ಲ ಎಂದು ಚಿತ್ರವನ್ನು ಅತ್ತೆಗೆ ಕೊಟ್ಟು, ಬಡಿಸುವವರಿಗೆ ಹೋಳಿಗೆ ತರಲು ಹೇಳಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಎಲ್ಲರೂ ಕೇಳಲು ತಯಾರಾಗಿ ಕೂತಿದ್ದರು, ಅವನು ಹೇಳಲಿಲ್ಲ. ಶಾಲು ಹೊದ್ದ ದಿನ, ಬಂದವರ ಊಟ ಮೊದಲು ಮುಗಿಯಲಿ ಎಂದಿರಬೇಕು ಎಂದುಕೊಂಡರು.

ಸಂಜೆ ಐದರ ಹೊತ್ತಿಗೆ ನಾನು ಹೊರಟೆ. ಆಟೋ ಸ್ಟ್ಯಾಂಡಿನವರೆಗೆ ಬರುತ್ತೇನೆಂದು ಮಾವ ಚಪ್ಪಲಿ ಮೆಟ್ಟಿದ. ಮಲ್ಕಾಜ್‌ಗಿರಿ ಸ್ಟೇಷನ್ನಿನ ಗೋಡೆ ಪಕ್ಕದ ಹಾದಿಯಲ್ಲಿ ಅರ್ಧ ದಾರಿ ಬಂದ ಮೇಲೆ ಅಂದ.

"ಅಳಿಯಾ, ಅದು ನಾನಲ್ಲ."

ನಾನು ಅವನ ಕಡೆ ತಿರುಗಿದೆ.

"ಆವಾಗ ನನ್ನ ತಲಿ ಬೋಳು ಇತ್ತು. ನೌಕರಿ ಸಿಕ್ಕರ ಮುಡಿ ಕೊಡಸ್ತೀನಂತ ನಮ್ಮವ್ವ ತಿಮ್ಮಪ್ಪಗ ಹರಕಿ ಹೊತ್ತಿದ್ದಳು. ಕೊಟ್ಟು ಬಂದು ವಾರ ಆಗಿರಲಿಲ್ಲ. ಬೈತಲಿ ಎಲ್ಲಿಂದ ತಂದಿ?"

ಗೋಡೆಯ ಫೋಟೊದಿಂದ ಎಂದೆ. ಆ ಫೋಟೊ ಮೂರು ವರ್ಷ ಆಮೇಲಿನದು ಎಂದ. ಕೋಪವಿರಲಿಲ್ಲ. ತಾನು ನಿಂತದ್ದು ಎಡಗಡೆ, ಕೈಗಾಡಿಯ ಹಿಂದೆ. ಬೋಳುತಲೆ ಮಿಂಚುತ್ತದೆಂದು ಸಿನಿಮಾದವರೇ ಅಲ್ಲಿ ನಿಲ್ಲಿಸಿದ್ದು. ಪಾರ್ಸೆಲ್ಲುಗಳನ್ನು ಅಷ್ಟೆತ್ತರ ಹೇರಿದ್ದು ಆಗ ಲಕ್ಷ್ಯಕ್ಕೆ ಬರಲಿಲ್ಲ. ಗಾಡಿ ತನ್ನನ್ನು ಪೂರ್ತಿ ಮುಚ್ಚಿದೆ.

"ಸಿನಿಮಾದಾಗ ನಾ ಇಲ್ಲ. ಸಿ.ಡಿ. ಹಾಕಿದ ದಿವಸನ ಕಂಡೆ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮೂವತ್ತು ವರ್ಷ ಹೇಳಿದ್ದನ್ನ ಒಂದು ಮಿನಿಟನ್ಯಾಗ ಹೆಂಗ ನುಂಗೂದೋ? ನುಂಗಬೇಕಂತನ ಇದ್ದೆ. ಅಷ್ಟ್ರಾಗ ನೀವು ಇದನ್ನ ತಂದು ಕೈಯಾಗ ಕೊಟ್ರಿ."

ಹಾಗಾದರೆ ಹೋಗಲಿ ಬಿಡು, ನೀನು ಅಲ್ಲಿ ನಿಂತದ್ದು ಸುಳ್ಳಲ್ಲವಲ್ಲ, ಗಾಡಿ ಸ್ವಲ್ಪ ಆಚೆ ಇದ್ದಿದ್ದರೆ ಕಾಣುತ್ತಿದ್ದೆ ಎಂದು ನಾನು ಹೇಳಿದ್ದು ನೆನಪಿದೆ. ವಾದ ಮಾಡುವುದು ಅಭ್ಯಾಸ. ಮಾವ ನಿಂತ.

"ಹೆಗಲ ಹಿಂದ ನಿಂತಾವ ನಮ್ಮ ಪಾರ್ಸೆಲ್ ಹಮಾಲ. ಸೇಡಂ ಕಡೆಯಾವ. ಅವನ ಜಾಗಾ ಅದು. ಅವನೂ ತನ್ನ ಮನ್ಯಾಗ ಹೇಳಿರತಾನ. ಹೆಂಡ್ರು ಮಕ್ಕಳು ನಕ್ಕಿರತಾರ. ಅವನ ಮೊಮ್ಮಗ ಯಾವನಾರ ನಿಮ್ಮ ಕಂಪ್ಯೂಟರನ್ಯಾಗ ನೋಡಿದ್ರ, ಅಜ್ಜನ ಜಾಗಾದಾಗ ನಾ ನಿಂತೀನಿ." ಆಮೇಲೆ ಅಂದ: "ತೊಗೊಂಡವರು ಹೇಳಬೇಕಂತಲ್ಲ ನಿಮ್ಮಲ್ಲಿ. ನಾ ತೊಗೊಂಡೀನಿ. ಯಾರಿಗೆ ಹೇಳಲಿ?"

ಆ ಹಮಾಲ ಈಗೆಲ್ಲಿದ್ದಾನೆ ಎಂದು ಮಾವನಿಗೆ ಗೊತ್ತಿರಲಿಲ್ಲ. ವರ್ಷದೊಳಗೆ ಸ್ಟೇಷನ್ ಬಿಟ್ಟು, ಊರಿನವರ ಜತೆ ಕಟ್ಟಡದ ಕೆಲಸಕ್ಕೆ ಹೋದನಂತೆ. ಹಮಾಲನ ಮುಖ ಹಮಾಲನಿಗೆ ಹಚ್ಚಿಕೊಡು, ಮಗಳಿಗೆ ನೀನೇ ಹೇಳು, ನಿಮ್ಮಪ್ಪನಿಗೆ ನಾನು ಹೇಳುತ್ತೇನೆ ಎಂದು ಮಾವ ಮೂರು ಕೆಲಸ ಹಂಚಿದ. ಆಟೋ ಬಂತು.

ಅಪ್ಪನಿಗೆ ಅವನು ಆ ವಾರವೇ ಹೇಳಿದ. ಲಿಂಗಂಪಲ್ಲಿಯ ನಮ್ಮ ಮನೆಗೆ ಆ ಚೌಕಟ್ಟನ್ನು ಕಾಗದದಲ್ಲಿ ಸುತ್ತಿ ತಂದು, ಭಾವಾ, ನಿಮ್ಮ ಸಹಿ ಹೊಡೆದುಹಾಕಿರಿ ಅಂದನಂತೆ. ನಾನು ಹಾಸ್ಟೆಲಿನಲ್ಲಿದ್ದೆ, ಅವ್ವ ಹೇಳಿದ್ದು ಇದು. ಅಪ್ಪ ಇಡೀ ಕತೆ ಕೇಳಿ, ತನ್ನ ಕಣ್ಣು ತಪ್ಪಿದ್ದಕ್ಕೆ ಬಹಳ ಬೇಜಾರು ಮಾಡಿಕೊಂಡನಂತೆ. ಸಹಿಯ ಮೇಲೆ ಅಡ್ಡಗೆರೆ ಎಳೆದು ಅದರ ಕೆಳಗೆ ಮತ್ತೊಂದು ಸಹಿ ಹಾಕಿದ. ಅದೂ ಕಾರ್ಖಾನೆಯ ಪದ್ಧತಿ. ನೀರಿನ ಮಾತು ಮಾತ್ರ ಖರೆ ಏನ್ರಿ, ಎಂದು ಕೇಳಿದ್ದಕ್ಕೆ ಮಾವ, ಅದಕ್ಕೆ ನನ್ನ ಕಡೆ ಪುರಾವೆ ಏನೂ ಇಲ್ಲ ಅಂದನಂತೆ. ಅವತ್ತಿನಿಂದ ಅಪ್ಪ ಅವನನ್ನು ಹೀರೋ ಎನ್ನುವುದನ್ನು ಬಿಟ್ಟ.

ಮಗಳಿಗೆ ಹೇಳುವುದು ನನ್ನ ಪಾಲಿಗೆ ಬಂದದ್ದು. ಮುಂದಿನ ಭಾನುವಾರ ಹೋಗಿ, ಕಂಪ್ಯೂಟರ್ ಹಚ್ಚುವ ಮೊದಲೇ ಹೇಳಿದೆ. ಅವಳು ಕ್ರೋಷಾ ಬಟ್ಟೆಯನ್ನು ಮಡಿಸುತ್ತಿದ್ದವಳು ಮಡಿಸುತ್ತಲೇ ಇದ್ದಳು.

"ನಮ್ಮಪ್ಪಗ ಸುಳ್ಳು ಬೇಕಾಗಿತ್ತಂತ ನಿನಗ ಯಾರು ಹೇಳಿದ್ರು?"

ನಾನು ಮಾವನನ್ನು ನಂಬಿರಲೇ ಇಲ್ಲ. ನಂಬಿದ್ದರೆ ಹುಡುಕುತ್ತಿದ್ದೆ, ಬರೆಯುತ್ತಿರಲಿಲ್ಲ. ಅವನು ಎಲ್ಲಿ ನಿಂತಿದ್ದ, ತಲೆಯಲ್ಲಿ ಏನಿತ್ತು ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮೂವತ್ತು ವರ್ಷದಲ್ಲಿ ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಅವಳು ವೇದಿಕೆಯಲ್ಲಿ ಬರೆದಳು: ಹಿಂದೆ ನಿಂತವರು ನಮ್ಮ ತಂದೆಯಲ್ಲ, ಚಿತ್ರವನ್ನು ತಿದ್ದಲಾಗಿತ್ತು, ತೆಗೆದುಕೊಂಡವರು ದಯವಿಟ್ಟು ತೆಗೆದುಹಾಕಿ, ಸರಿಯಾದದ್ದನ್ನು ಹಾಕುತ್ತೇವೆ. ಮೂರೋ ನಾಲ್ಕೋ ಜನ ಬದಲಿಸಿದರು. ಒಬ್ಬನು ನಮ್ಮನ್ನು ಕಳ್ಳರೆಂದ. ಉಳಿದವರಲ್ಲಿ ಹೆಚ್ಚಿನವರು ಏನೂ ಅನ್ನಲಿಲ್ಲ, ಅದೇ ಚೌಕದೊಂದಿಗೆ ಮುಂದುವರಿದರು. ಯಾರಾದರೇನು, ಚೆನ್ನಾಗಿದೆ ಎಂದು ಒಬ್ಬಳು ಬರೆದಳು.

ಆಮೇಲೆ ಡಿಸ್ಕನ್ನು ಮತ್ತೆ ಹಾಕಿ ಅದೇ ಫ್ರೇಮನ್ನು ಹೊಸದಾಗಿ ಹಿಡಿದೆವು. ಈ ಸಲ ಮಾವ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತ. ಮಗಳು ಹಿಂದೆ ನಿಂತಳು. ಏನೂ ಮುಟ್ಟದೆ, ಬೆಳಕನ್ನೂ ಏರಿಸದೆ, ನೂರಕ್ಕೆ ನೂರು ಕತ್ತರಿಸಿದೆ. ಹೆಗಲು, ಕಿವಿ, ಅರ್ಧ ಮುಖ, ಹಿಂದೆ ಕಂದು ಕಲೆ. ಇದೇ ಸರಿ, ಇದ್ದದ್ದು ಇಷ್ಟೇ ಎಂದೆ. ಎಡಕ್ಕೆ ಕೈಗಾಡಿಯನ್ನೂ ಸೇರಿಸಬಹುದು, ಚೌಕ ಸರಿಸೋಣವೇ ಎಂದು ಮಗಳು ಮಾವನನ್ನು ಕೇಳಿದಳು. ಗಾಡಿ ಬೇಡ ಎಂದ. ಅವನು ಕಂದು ಕಲೆಯನ್ನೇ ನೋಡುತ್ತಿದ್ದ.

"ಅವಗ ಮೀಸಿ ಇತ್ತು."

ಅಲ್ಲಿ ಮೀಸೆ ಇಲ್ಲ ಎಂದೆ. ಹಿಗ್ಗಿಸಿ ಪಿಕ್ಸೆಲ್ಲುಗಳನ್ನು ತೋರಿಸಿದೆ. ಮೂಗಿನಿಂದ ಗದ್ದದವರೆಗೆ ಒಂದೇ ಬಣ್ಣದ ಆರು ಕಲ್ಲು. ಡಿಸ್ಕಿನಲ್ಲಿ ಇಲ್ಲದ್ದನ್ನು ಬರೆದರೆ ಮೊದಲು ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದೆ. ನನ್ನ ದನಿ ಅಪ್ಪನ ದನಿಯಂತಿತ್ತು ಎಂದು ಮಗಳು ಆಮೇಲೆ ಹೇಳಿದಳು. ಮಾವ ಕೇಳಿಸಿಕೊಂಡ.

"ಯಂತ್ರದಾಗ ಇಲ್ಲ, ಹೌದು. ನಾ ಹೇಳಾಕತ್ತೀನಲ್ಲ. ದಿನಾ ಅವನ ಜೋಡಿ ಚಾ ಕುಡಿದಾವ ನಾ. ನನ್ನ ಸಂಬಂಧ ಏನೂ ಬರೀಬ್ಯಾಡ. ಇದೊಂದು ನಂಬು."

ಮಗಳ ಕೈ ಕುರ್ಚಿಯ ಬೆನ್ನಿನ ಮೇಲಿತ್ತು.

ನಾನು ಹೊಸ ಪದರ ಹಾಸಿದೆ. ಎಲ್ಲಕ್ಕಿಂತ ಸಣ್ಣ ಬ್ರಶ್ ಆರಿಸಿ, ಕೂದಲಿನ ಕಪ್ಪನ್ನು ಎತ್ತಿಕೊಂಡು, ಮೂಗಿನ ಕೆಳಗೆ ಐದು ಪಿಕ್ಸೆಲ್ ಇಟ್ಟೆ. ಮಾವ ಗಾಜಿಗೆ ಮುಖ ತಾಗುವಷ್ಟು ಬಾಗಿ ನೋಡಿದ.

"ಎಡಕ್ಕ ಇನ್ನೊಂದೀಟು ಇತ್ತು."

ಎಡಕ್ಕೆ ಎರಡು ಸೇರಿಸಿದೆ.